ಅಸಂತುಷ್ಟರ ಜಗಲಿ

ಕಡಬದ ದಾಖಲೆ ಮರುಪರಿಶೀಲನಾ ಉಪಕಚೇರಿಯಲ್ಲಿ ಸಂತೋಷವು ಈ ವರ್ಷದಿಂದ ಕಡ್ಡಾಯವಾಗಿರುತ್ತದೆ. ಅದಕ್ಕೂ ಮೊದಲು ಅದು ಐಚ್ಛಿಕವಾಗಿತ್ತು. ಹಾಗಾಗಿ ಅದರ ಮೇಲೆ ಯಾರ ಹತೋಟಿಯೂ ಇರಲಿಲ್ಲ. ಈ ಕಚೇರಿಯ ಅಧೀಕ್ಷಕನಾಗಿ ನಾನು ಆ ಅವ್ಯವಸ್ಥೆಯನ್ನು ಬಹುಕಾಲ ಕಣ್ಣಾರೆ ಕಂಡವನು.

ಅವ್ಯವಸ್ಥೆಯ ಕೇಂದ್ರಸ್ಥಾನ ಹಿಂಬದಿಯ ಜಗಲಿ. ದಿನಾ ಸಂಜೆ ನಾಲ್ಕಕ್ಕೆ ಟಪಾಲು ವಿಭಾಗದ ಲೋಲಾಕ್ಷಿ ಅಲ್ಲಿ ಕೂತು, ಕೋಡಿಂಬಾಳದ ಮನೆಯಿಂದ ತಂದ ಪುನರ್ಪುಳಿ ಶರಬತ್ತಿನ ಪಾತ್ರೆ ತೆರೆಯುತ್ತಿದ್ದರು. ಸಿಬ್ಬಂದಿ, ಕಡತ ಹುಡುಕಿಸಲು ಬಂದವರು, ದಾರಿ ತಪ್ಪಿ ಬಂದವರು, ಎಲ್ಲರೂ ಲೋಟ ಹಿಡಿದು ಸೇರುತ್ತಿದ್ದರು. ಇಚಿಲಂಪಾಡಿಯ ಜೈನಬಮ್ಮ ಹಲಸಿನ ಹಪ್ಪಳ ತರುತ್ತಿದ್ದರು. ಅವರು ಮನೆಯಡಿ ಜಾಗದ ನಕ್ಷೆಯ ನಕಲಿಗಾಗಿ ಬರಲು ಸುರುಮಾಡಿದವರು. ನಕಲು ಸಿಕ್ಕಿ ಬಹಳ ಸಮಯವಾಗಿತ್ತು. ಆ ವಿಚಾರವನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಜಗಲಿಯಲ್ಲಿ ಲೋಲಾಕ್ಷಿ ಊರಿನವರನ್ನೆಲ್ಲ ಅನುಕರಿಸಿ ತೋರಿಸುತ್ತಿದ್ದರು. ನಾನು ಸುತ್ತೋಲೆ ಓದುವ ಬಗೆಯೂ ಅದರಲ್ಲಿ ಸೇರಿತ್ತು. ಕಿಟಕಿಯ ಸಂದಿನಿಂದ ನೋಡಿದ್ದೇನೆ. ಚೆನ್ನಾಗಿಯೇ ಮಾಡುತ್ತಿದ್ದರು, ಕನ್ನಡಕ ಮೂಗಿನಿಂದ ಜಾರಿ ಬೀಳುವುದು ಮಾತ್ರ ಸ್ವಲ್ಪ ಅತಿಯಾಯಿತು.

ಇಂಥ ಸ್ಥಿತಿಯಲ್ಲಿ ಪುತ್ತೂರಿನಿಂದ ಸಂತೋಷಾಧಿಕಾರಿ ಮುರಳಿಕೃಷ್ಣರು ಆಗಮಿಸಿದರು. ಅವರು ತಂದ ಆದೇಶ ಹೀಗಿತ್ತು:

‘ನೌಕರರು ಕಚೇರಿಯಲ್ಲಿಯೂ ಮನೆಯಲ್ಲಿಯೂ ಸಂತೋಷದಿಂದಿರತಕ್ಕದ್ದು. ಕಚೇರಿಯ ಸಂತೋಷವನ್ನು ಸಂಜೆ ನಾಲ್ಕು ಗಂಟೆಗೆ ಸಭಾಂಗಣದಲ್ಲಿ ಅನುಭವಿಸತಕ್ಕದ್ದು. ಪೂರ್ವಾನುಮತಿ ಇಲ್ಲದೆ ಇತರೆಡೆ ನಗುವುದನ್ನು ಅಸಂಘಟಿತ ಸಂತೋಷವೆಂದು ಪರಿಗಣಿಸಲಾಗುವುದು. ಮನೆಯ ಸಂತೋಷವನ್ನು ಮನೆಯವರೇ ಮೌಖಿಕವಾಗಿ ದೃಢಪಡಿಸತಕ್ಕದ್ದು.’

ಅಂದೇ ಜಗಲಿಯ ಬಾಗಿಲಿಗೆ ಬೀಗ ಬಿತ್ತು. ಲೋಲಾಕ್ಷಿ ಪಾತ್ರೆ ಹಿಡಿದುಕೊಂಡೇ ಬಂದು ಕೇಳಿದರು.

“ಇನ್ನು ನಗುದು ಬೇಡ ಅಂತವಾ ಸಾರ್?”

“ಬೇಡ ಎಂದವರು ಯಾರಮ್ಮ? ವ್ಯವಸ್ಥಿತವಾಗಿ ನಗಿ ಎಂದದ್ದು” ಎಂದರು ಮುರಳಿಕೃಷ್ಣರು.

“ಆ ಹಾಲ್‌ನಲ್ಲಿ ನಗ್ಲಿಕ್ಕೆ ಎಂತ ಉಂಟು?”

“ಸ್ಲೈಡ್ ಉಂಟು.”

ಸ್ಲೈಡ್ ನಿಜಕ್ಕೂ ಇತ್ತು. ಮೊದಲನೆಯದರಲ್ಲಿ ಸೂರ್ಯ ಹುಟ್ಟುತ್ತಿದ್ದ, ಎರಡನೆಯದರಲ್ಲಿ ಯಾವುದೋ ದೇಶದ ಮಗು ನಗುತ್ತಿತ್ತು. ನಾವು ಚಪ್ಪಾಳೆ ತಟ್ಟಿದೆವು. ಧನಾತ್ಮಕವಾದುದನ್ನು ಮೂಗಿನಿಂದ ಒಳಗೆಳೆದುಕೊಂಡು, ಋಣಾತ್ಮಕವಾದುದನ್ನು ಬಾಯಿಯಿಂದ ಕಿಟಕಿಯತ್ತ ಬಿಟ್ಟೆವು. ಕಿಟಕಿಯ ಪಕ್ಕ ಕೂತಿದ್ದ ಗುಮಾಸ್ತ ಫಯಾಝ್ ಇದಕ್ಕೆ ಲಿಖಿತ ಆಕ್ಷೇಪಣೆ ಸಲ್ಲಿಸಿದ. ಮರುದಿನದಿಂದ ಸರದಿಯ ಪ್ರಕಾರ ಆಸನ ಬದಲಿಸುವ ವ್ಯವಸ್ಥೆ ಜಾರಿಗೆ ಬಂತು.

ಶರಬತ್ತಿನ ಪಾತ್ರೆ ಮುಚ್ಚಿದ್ದು ಮುಚ್ಚಿದ ಹಾಗೆಯೇ ಕೋಡಿಂಬಾಳಕ್ಕೆ ವಾಪಸು ಹೋಗತೊಡಗಿತು. ಜೈನಬಮ್ಮ ಬಂದು ಜಗಲಿಯ ಬೀಗ ನೋಡಿ, ಕಚೇರಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತರು. ಆಮೇಲೆ ನನ್ನ ಮೇಜಿನ ಬಳಿ ಬಂದರು.

“ನನ್ನ ನಕ್ಷೆ ಆಗಿದೆ ಅಲ್ವಾ?”

“ಆಗಿದೆ.”

“ಹಾಗಾದ್ರೆ ಇನ್ನು ನಾನು ಬರುದು ಎಂತಕ್ಕೆ” ಎಂದು ಹಪ್ಪಳದ ಕಟ್ಟನ್ನು ಸೆರಗಿನೊಳಗೆ ಹಿಡಿದುಕೊಂಡು ಹೋದರು.

ಲೋಲಾಕ್ಷಿ ಅದನ್ನು ನೋಡಿದರು. ಅಂದಿನಿಂದ ಅವರು ಯಾರನ್ನೂ ಅನುಕರಿಸಲಿಲ್ಲ, ನನ್ನನ್ನು ಕೂಡ. ನನಗೆ ಬಹಳ ಬೇಸರವಾಯಿತು. ಬೇಸರಪಡುವುದು ನಿಯಮಬಾಹಿರವಾದ್ದರಿಂದ ಯಾರಿಗೂ ಹೇಳಲಿಲ್ಲ.

ಉಳಿದದ್ದು ಮನೆಯ ಸಂತೋಷದ ದೃಢೀಕರಣ. ಒಂದು ಭಾನುವಾರ ಮುರಳಿಕೃಷ್ಣರೂ ನಾನೂ ಲೋಲಾಕ್ಷಿಯ ಮನೆಗೆ ಹೋದೆವು. ಅವರ ಗಂಡ ಚೆನ್ನಕೇಶವ ಅಂಗಳದಲ್ಲಿ ರಬ್ಬರ್ ಶೀಟು ಒಣಹಾಕುತ್ತ ಸಣ್ಣಗೆ ಹಾಡುತ್ತಿದ್ದರು. ನಮ್ಮನ್ನು ಕಂಡು ಹಾಡು ನಿಲ್ಲಿಸಿದರು.

“ನಿಮ್ಮ ಮನೆಯಲ್ಲಿ ಸಂತೋಷ ಇದೆಯಾ?” ಎಂದು ಮುರಳಿಕೃಷ್ಣರು ಕೇಳಿದರು.

ನಮ್ಮ ಕಡೆ ಹೀಗೆ ಕೇಳಿದರೆ ಹೌದು ಎನ್ನುವ ಕ್ರಮವಿಲ್ಲ. ಹೌದೆಂದರೆ ದೃಷ್ಟಿ ತಾಗುತ್ತದೆ. ಮಗಳ ಮದುವೆ ಭರ್ಜರಿಯಾಗಿ ನಡೆದರೂ ‘ಹೇಗೋ ಮುಗಿಯಿತು’ ಎನ್ನುತ್ತೇವೆ. ಮುರಳಿಕೃಷ್ಣರು ಪುತ್ತೂರಿನವರೇ ಆದರೂ ವಿಶೇಷ ತರಬೇತಿ ಪಡೆದವರಾದ್ದರಿಂದ ಇದನ್ನು ಮರೆತಿದ್ದರು.

“ಎಂತ ಸಂತೋಷ ಮಾರಾಯ್ರೆ! ಹೀಗೇ ದಿನ ಹೋಗ್ತದೆ” ಎಂದರು ಚೆನ್ನಕೇಶವ.

“ಹೆಂಡತಿಯೊಂದಿಗೆ?”

“ಕಟ್ಟಿಕೊಂಡಾಗಿದೆ ಅಲ್ವಾ, ಸುಧಾರಿಸುದು.”

ಒಳಗಿನಿಂದ ಲೋಲಾಕ್ಷಿ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಅದು ಮೌಖಿಕ ಹೇಳಿಕೆಯಲ್ಲವಾದ್ದರಿಂದ ಪರಿಗಣಿಸಲಾಗಲಿಲ್ಲ. ಮುರಳಿಕೃಷ್ಣರು ‘ಅಸಂತುಷ್ಟ ಕುಟುಂಬ’ ಎಂದು ಬರೆದುಕೊಂಡು ಕಣ್ಣೊರೆಸಿಕೊಂಡರು.

ಮನೆಮನೆಯಲ್ಲೂ ಇದೇ ಉತ್ತರ ಸಿಕ್ಕಿತು. ನನ್ನ ಮನೆಯಲ್ಲಿ ಹೆಂಡತಿ ಗೋದಾವರಿ “ಇವರನ್ನು ಕಟ್ಟಿಕೊಂಡು ಎಂತ ಸುಖ?” ಎಂದಳು. ಎನ್ನುತ್ತಲೇ ನನ್ನ ತಟ್ಟೆಗೆ ಇನ್ನೊಂದು ಪತ್ರೊಡೆ ಹಾಕಿದಳು.

ಇಡೀ ಕಚೇರಿಯೇ ಅಸಂತುಷ್ಟವೆಂದು ಸಾಬೀತಾಯಿತು. ಮುರಳಿಕೃಷ್ಣರು ಗಾಬರಿಯಾಗಿ ಮೇಲಿನವರನ್ನು ಕೇಳಿದರು. ತಿದ್ದುಪಡಿ ಆದೇಶ ಕೂಡಲೇ ಬಂತು:

‘ಅಸಂತುಷ್ಟರ ಸಹವಾಸದಿಂದ ಸಭಾಂಗಣದ ಸಂತೋಷವು ಕುಂದುವ ಸಂಭವವಿರುತ್ತದೆ. ಅಂಥವರನ್ನು ಸಂಜೆ ನಾಲ್ಕು ಗಂಟೆಗೆ ಪ್ರತ್ಯೇಕ ಸ್ಥಳದಲ್ಲಿರಿಸಿ, ಅವರ ದುಃಖಕ್ಕೆ ಅವಕಾಶ ಕಲ್ಪಿಸತಕ್ಕದ್ದು. ದುಃಖಿತ ಸಾರ್ವಜನಿಕರಿಗೂ ಪ್ರವೇಶವಿರುತ್ತದೆ.’

ನಮ್ಮ ಕಚೇರಿಯಲ್ಲಿ ಪ್ರತ್ಯೇಕ ಸ್ಥಳ ಎಂದರೆ ಒಂದೇ. ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ಆದೇಶವನ್ನು ಓದಿ ಮುಗಿಸುವ ಮೊದಲೇ ಬೀಗ ತೆರೆದೆ. ನನ್ನ ಸೇವಾವಧಿಯಲ್ಲಿ ಇದೊಂದು ಆದೇಶವನ್ನು ಮಾತ್ರ ಇಷ್ಟು ಬೇಗ ಪಾಲಿಸಿದ್ದು. ಲೋಲಾಕ್ಷಿ ಪಾತ್ರೆ ತಂದರು, ಫಯಾಝ್ ಇಚಿಲಂಪಾಡಿಗೆ ಫೋನ್ ಮಾಡಿದ.

ಮರುದಿನ ಜೈನಬಮ್ಮ ಬಂದಾಗ ನಿಯಮದಂತೆ ಕೇಳಿದೆ.

“ನಿಮಗೆ ದುಃಖ ಉಂಟಾ?”

“ಇಲ್ಲಿಗೆ ಬರ್ಲಿಕ್ಕೆ ಬೇಕಾದಷ್ಟು ಉಂಟು” ಎಂದು ಹಪ್ಪಳದ ಕಟ್ಟು ಬಿಚ್ಚಿದರು.

ಅಂದು ಜಗಲಿಯ ಸದ್ದು ಸಭಾಂಗಣದವರೆಗೆ ಹೋಯಿತು. ಅಲ್ಲಿ ಒಬ್ಬರೇ ಸ್ಲೈಡ್ ನೋಡುತ್ತಿದ್ದ ಮುರಳಿಕೃಷ್ಣರು ಎದ್ದು ಬಂದರು.

“ಅದೆಂತ ಶಬ್ದ?”

“ಅಳುವುದು ಸಾರ್. ಬಹಳ ದಿನದ್ದು ಬಾಕಿ ಇತ್ತು” ಎಂದೆ.

‘ದುಃಖ ವಿಸರ್ಜನೆ ತೃಪ್ತಿಕರ’ ಎಂದು ಅವರು ವರದಿ ಕಳಿಸಿದರು. ಒಂದು ವಾರ ಹೇಗೋ ತಡೆದುಕೊಂಡರು. ಆಮೇಲೆ ನನ್ನ ಮೇಜಿನ ಮುಂದೆ ನಿಂತು, ಜಗಲಿ ಸೇರಲು ತಾವೇನು ಮಾಡಬೇಕೆಂದು ತಗ್ಗಿದ ದನಿಯಲ್ಲಿ ಕೇಳಿದರು. ನಿಯಮ ಎಲ್ಲರಿಗೂ ಒಂದೇ. ನಾನು ಪುತ್ತೂರಿಗೆ ಹೋಗಿ ಅವರ ಪತ್ನಿ ಶಂಕರಿಯನ್ನು ವಿಚಾರಿಸಿದೆ.

“ಎಂತ ಸಂತೋಷ! ಊಟಕ್ಕೆ ಕೂತರೂ ಸ್ಲೈಡ್ ತೋರಿಸ್ತಾರೆ” ಎಂದರು. ಇಷ್ಟು ಪ್ರಾಮಾಣಿಕ ಉತ್ತರ ಬೇರೆ ಯಾವ ಮನೆಯಲ್ಲೂ ನನಗೆ ಸಿಕ್ಕಿರಲಿಲ್ಲ. ಅರ್ಜಿ ಮಂಜೂರಾಯಿತು.

ಈಗ ಸಭಾಂಗಣದಲ್ಲಿ ಪ್ರತಿದಿನ ನಾಲ್ಕಕ್ಕೆ ನಿಯಮದಂತೆ ಸೂರ್ಯ ಹುಟ್ಟುತ್ತಾನೆ, ಖಾಲಿ ಕುರ್ಚಿಗಳ ಮುಂದೆ ಮಗು ನಗುತ್ತದೆ. ಮೊನ್ನೆ ತಪಾಸಣೆಗೆ ಬಂದ ತಂಡವು ಸಭಾಂಗಣದಲ್ಲಿ ಒಬ್ಬನೇ ಒಬ್ಬ ಅಸಂತುಷ್ಟನೂ ಕಂಡುಬಂದಿಲ್ಲವೆಂದು ಮೆಚ್ಚಿ, ನಮ್ಮ ಕಚೇರಿಗೆ ಸಂತೋಷ ಪುರಸ್ಕಾರ ನೀಡಿತು. ಹಿತ್ತಾಳೆಯ ಅಗಲವಾದ ಫಲಕ. ಜೈನಬಮ್ಮನ ಹಪ್ಪಳ ಇಡಲು ಸರಿಯಾಗುತ್ತದೆ.

ಪುರಸ್ಕಾರ ಬಂದ ಸಂಜೆ ಲೋಲಾಕ್ಷಿ ಎದ್ದು ನಿಂತು, ಮುರಳಿಕೃಷ್ಣರು ಸ್ಲೈಡ್ ತೋರಿಸುವ ಬಗೆಯನ್ನು ಮಾಡಿ ತೋರಿಸಿದರು. ಮುರಳಿಕೃಷ್ಣರು ಲೋಟ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡರು. ಕಣ್ಣಿನಿಂದ ಧಾರಾಳವಾಗಿ ನೀರು ಹರಿಯಿತು. ಅವರ ಸದಸ್ಯತ್ವ ಮುಂದುವರಿಸಲು ಅದನ್ನೇ ಸಾಕ್ಷ್ಯವಾಗಿ ಸ್ವೀಕರಿಸಲಾಗಿದೆ.