ಮುಖದ ಮೇಲೆ ಕಲೆ ಇರಬಾರದು

ಎಡವಟ್ಟು ಶುರುವಾದದ್ದು ಭಾನುವಾರ ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಆ ಕ್ಷಣದ ಫೋಟೋ ಇನ್ನೂ ನನ್ನ ಮೊಬೈಲಿನಲ್ಲಿದೆ. ಅದರಲ್ಲಿ ಕಿಟಕಿಯ ಗ್ರಿಲ್ಲಿದೆ, ಗ್ರಿಲ್ಲಿನಲ್ಲಿ ತೆರೆದ ಕಿಂಡಿಯೊಂದಿದೆ, ಕಿಂಡಿಯ ಅಂಚಿನಲ್ಲಿ ಬಿಳಿಯ ಬಾಲದ ತುದಿಯಿದೆ. ಬಾಲದ ಮುಂದಿನ ಬೆಕ್ಕು ಅಷ್ಟರಲ್ಲಿ ನಾಲ್ಕನೇ ಮಹಡಿಯ ಹೊರಗಿತ್ತು.

ಮನುಷ್ಯನಿಗೆ ಮತ್ಸರ ಯಾವ ರೂಪದಲ್ಲಿ ಬಂದು ವಕ್ಕರಿಸುತ್ತದೆಂದು ಹೇಳಲಾಗದು. ಪಕ್ಕದ ಮೇಜಿನ ಪಾಟೀಲರಿಗೆ ಬಡ್ತಿ ಸಿಕ್ಕಾಗ ನಾನು ಕೈಕುಲುಕಿ ಎರಡು ಪೇಡೆ ತಿಂದವನು. ಆದರೆ ಅವರು ತಮ್ಮ ಪಗ್ ನಾಯಿಯ ಫೋಟೋವನ್ನು ಎಐಗೆ ಕೊಟ್ಟು, ಪೇಟ, ಶೇರ್ವಾನಿ, ಮುತ್ತಿನ ಹಾರದ ಮಹಾರಾಜನ ಭಾವಚಿತ್ರ ಮಾಡಿಸಿ, ಕಟ್ಟು ಹಾಕಿಸಿ ಠಾಣೆ ನಗರದ ನಮ್ಮ ಆಫೀಸಿಗೇ ತಂದು ಮೇಜಿನ ಮೇಲಿಟ್ಟುಕೊಂಡಾಗ ನನಗೆ ತಡೆಯಲಾಗಲಿಲ್ಲ. ಆ ನಾಯಿಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದಕ್ಕೆ ಮೂಗೇ ಇಲ್ಲ. ಮೂಗಿಲ್ಲದ್ದು ಮಹಾರಾಜನಾಗಬಹುದಾದರೆ, ಕಾಮೋಠೆಯ ನಮ್ಮ ಮನೆಯ ಬೆಕ್ಕು ಪುಂಡಿ ಮಹಾರಾಣಿಯಾಗಲು ಏನು ಕಮ್ಮಿ?

ಪುಂಡಿ ಎಂದರೆ ನಮ್ಮ ಅತ್ತೆಯವರ ಉಡುಪಿ ಕಡೆ ಹಬೆಯಲ್ಲಿ ಬೇಯಿಸುವ ಅಕ್ಕಿಯ ಉಂಡೆ, ಬೆಳ್ಳಗೆ, ಗುಂಡಗೆ. ಮೈಸೂರಿನವನಾದ ನಾನು ಬೆಕ್ಕಿಗೆ ಮಲ್ಲಿಗೆ ಎಂಬ ಹೆಸರು ಸೂಚಿಸಿದ್ದೆ. ಆದರೆ ಹೆಂಡತಿ ಶೈಲಾ, ಜೊತೆಗಿರುವ ಅವಳ ತಾಯಿ, ಕನ್ನಡದಲ್ಲಿ ಬೈಸಿಕೊಂಡು ಹಿಂದಿಯಲ್ಲಿ ಉತ್ತರ ಕೊಡುವ ಮಗಳು ನಿಧಿ, ಇವರ ಬಹುಮತದ ಮುಂದೆ ನನ್ನದು ನಡೆಯಲಿಲ್ಲ. ಪುಂಡಿಗೆ ಇರುವುದು ಒಂದೇ ದೋಷ. ಫೋನು ತನ್ನತ್ತ ತಿರುಗಿತೋ, ಎದ್ದು, ಬೆನ್ನು ಹಾಕಿ, ಎದುರು ದಿಕ್ಕಿಗೆ ನಡೆದುಬಿಡುತ್ತಾಳೆ. ಓಡುವುದಿಲ್ಲ. ಮದುವೆ ಮನೆಯಲ್ಲಿ ಆಗದವರನ್ನು ಕಂಡ ಅತ್ತಿಗೆಯ ಹಾಗೆ, ನಿಧಾನವಾಗಿ, ಎಲ್ಲರಿಗೂ ಗೊತ್ತಾಗುವಂತೆ ಹೋಗುತ್ತಾಳೆ.

ಆ ಎಐ ಆ್ಯಪಿನ ನಿಯಮಗಳೋ, ಸರ್ಕಾರಿ ಕೆಲಸಕ್ಕೂ ಅಷ್ಟಿರಲಾರವು. ಪ್ರಾಣಿಯ ಕಣ್ಣಿನ ಮಟ್ಟಕ್ಕೆ ಇಳಿದು ತೆಗೆಯಬೇಕು. ಕಿಟಕಿಯ ಬೆಳಕೇ ಬೇಕು, ಫ್ಲ್ಯಾಶ್ ಕೂಡದು. ಎರಡೂ ಕಿವಿ ಕಾಣಬೇಕು. ಮುಖದ ಮೇಲೆ ನೆರಳು, ಗೆರೆ, ಕಲೆ ಇರಬಾರದು. ಕಣ್ಣಿನ ಮಟ್ಟಕ್ಕಿಳಿಯಲು ನಾನು ಬನಿಯನ್ನಿನಲ್ಲಿ ನೆಲದ ಮೇಲೆ ತೆವಳಿದೆ. ಸೋಫಾದ ಅಡಿಯಲ್ಲಿ ಎರಡು ವರ್ಷದ ಹಿಂದೆ ಕಳೆದುಹೋಗಿದ್ದ ರಿಮೋಟ್ ಸಿಕ್ಕಿತು, ಫೋಟೋ ಸಿಗಲಿಲ್ಲ. ಕೊನೆಗೆ ಪುಂಡಿ ತಾನಾಗಿಯೇ ಕಿಟಕಿಯಾಚೆ ಪೆಟ್ಟಿಗೆಯಂತೆ ಚಾಚಿಕೊಂಡ ಬಾಕ್ಸ್ ಗ್ರಿಲ್ಲಿಗೆ ಹೋಗಿ ತುಳಸಿ ಕುಂಡದ ಪಕ್ಕ ಕುಳಿತಳು. ಅಷ್ಟು ಚಂದದ ಬೆಳಕು! ಅಷ್ಟರಲ್ಲಿ ಅತ್ತೆ ಬಂದು, "ಫೋಟೋ ತೆಗೀತೀರಂತೆ, ದೃಷ್ಟಿ ಆಗ್ತದೆ ಮಾರಾಯ್ರೆ" ಎನ್ನುತ್ತ ಅವಳ ಕೆನ್ನೆಗೆ ಕಾಡಿಗೆಯ ಬೊಟ್ಟಿಟ್ಟು ಅಡುಗೆಮನೆಗೆ ಹೋದರು.

ಕಲೆ ಇರಬಾರದಲ್ಲ. ನಾನು ಬಿ.ಎಸ್ಸಿ. ಓದಿದವನು. ಒದ್ದೆ ಕರ್ಚೀಫಿನಲ್ಲಿ ಬೊಟ್ಟು ಒರೆಸಿದೆ. ಗೆರೆಯೂ ಇರಬಾರದಲ್ಲ. ಸರಳುಗಳ ನೆರಳು ಬಿದ್ದು ಮಹಾರಾಣಿ ಜೀಬ್ರಾದಂತೆ ಪಟ್ಟೆ ಪಟ್ಟೆಯಾಗಿ ಕಾಣುತ್ತಿದ್ದಳು. ಬೆಂಕಿ ಬಿದ್ದರೆ ತಪ್ಪಿಸಿಕೊಳ್ಳಲೆಂದು ಗ್ರಿಲ್ಲಿನಲ್ಲೊಂದು ಪುಟ್ಟ ಬಾಗಿಲಿರುತ್ತದೆ. ಅದರ ಬೀಗ ತೆಗೆದು ತೆರೆದೆ. ನೆರಳು ಮಾಯವಾಯಿತು. ಫೋನೆತ್ತಿದೆ. ಪುಂಡಿ ನನ್ನನ್ನು ನೋಡಿದಳು, ಎದ್ದಳು, ಬೆನ್ನು ಹಾಕಿದಳು, ಎದುರು ದಿಕ್ಕಿಗೆ ನಡೆದಳು.

ಎದುರು ದಿಕ್ಕಿನಲ್ಲಿ ಆಕಾಶವಿತ್ತು.

ನಮ್ಮ ಕಿಟಕಿಗೂ ಪಕ್ಕದ ಮನೆಯ ಮರಾಠಿ ಹಿರಿಯಾಕೆ ಕುಲಕರ್ಣಿ ಕಾಕೂ ಅವರ ಕಿಟಕಿಗೂ ನಡುವೆ ಅವರ ಎಸಿಯ ಹೊರಗಿನ ಡಬ್ಬವಿದೆ. ಪುಂಡಿ ಅದರ ಮೇಲೆ ಕುಳಿತಿದ್ದಳು. ಕೆಳಗೆ ಕಾಂಕ್ರೀಟು, ಸಾಲಾಗಿ ಸ್ಕೂಟರುಗಳು. ನನ್ನ ಗಂಟಲಿನಿಂದ ಹೊರಟ ಸದ್ದು ಯಾವ ಭಾಷೆಯದೆಂದು ನನಗೆ ಇಂದಿಗೂ ಗೊತ್ತಿಲ್ಲ. ಮನೆಯೆಲ್ಲ ಓಡಿ ಬಂತು. ಶೈಲಾ ಬೆಕ್ಕಿನ ತಿಂಡಿಯ ಡಬ್ಬ ಅಲ್ಲಾಡಿಸಿದಳು. ಅತ್ತೆ, "ಬೊಟ್ಟೆಲ್ಲಿ? ಒರೆಸಿದ್ರಾ ನೀವು?" ಎಂದರು.

"ಅದನ್ನ ಆಮೇಲೆ ಮಾತಾಡೋಣ ಅತ್ತೆ!"

"ಆಮೇಲೆ ಎಂತ ಮಾತಾಡ್ಲಿಕ್ಕುಂಟು?"

ಕಿಂಡಿಯಿಂದ ಭುಜದವರೆಗೂ ತೂರಿ ಕೈ ಚಾಚಿದೆ. ಪುಂಡಿ ಒಂದು ಹೆಜ್ಜೆ ಹಿಂದೆ ಸರಿದಳು. ಇನ್ನಷ್ಟು ಚಾಚಿದೆ. ಇನ್ನೊಂದು ಹೆಜ್ಜೆ. ಹಿಂಗಾಲು ಡಬ್ಬದ ಅಂಚಿಗೆ ಬಂತು. ಆಗ ಹಿಂದಿನಿಂದ ನಿಧಿ ನನ್ನ ಬನಿಯನ್ ಹಿಡಿದೆಳೆದಳು: "ಪಪ್ಪಾ, ಫೋನ್! ಹಾಥ್ ಮೇ ಫೋನ್ ಹೈ! ಆಪ್ ಹೀ ಭಗಾ ರಹೇ ಹೋ ಉಸೇ!"

ಹೌದು. ಅವಳನ್ನು ಓಡಿಸುತ್ತಿದ್ದವನು ನಾನೇ. ರಕ್ಷಣೆಗೆ ಚಾಚಿದ ಕೈಯಲ್ಲಿ ಫೋನು ಹಾಗೇ ಇತ್ತು.

ನಾನು ಕೈ ಒಳಗೆಳೆದುಕೊಳ್ಳುವಷ್ಟರಲ್ಲಿ ನಿಧಿ ಪಕ್ಕದ ಮನೆಗೆ ಓಡಿದ್ದಳು. ಗೋಡೆಯಾಚೆ ಅವಳ ಕೂಗು ಕೇಳಿಸಿತು. "ಕಾಕೂ, ಖಿಡಕೀತೂನ್ ತಿಚಾ ಫೋಟೋ ಕಾಢಾ!" ಕಿಟಕಿಯಿಂದ ಬೆಕ್ಕಿನ ಫೋಟೋ ತೆಗೆಯಿರಿ ಎಂದು. "ಫೋಟೋ? ಆತ್ತಾ?" ಈಗಲಾ ಎಂದು ಕಾಕೂ ದಂಗಾದರು. ಪಕ್ಕದ ಮನೆಯ ಬೆಕ್ಕು ಸಾಯುವಂತಿರುವಾಗ ಫೋಟೋ ತೆಗೆಯುವುದು ಯಾವ ಸಂಸ್ಕಾರ? ಆದರೂ ಅವರ ಕಿಟಕಿಯಲ್ಲಿ ಫೋನು ಕಾಣಿಸಿಕೊಂಡಿತು. ಪುಂಡಿ ತಲೆಯೆತ್ತಿ ಅದನ್ನು ನೇರವಾಗಿ ದಿಟ್ಟಿಸಿದಳು. ಅವಳ ಮುಖದಲ್ಲಿ ಜುಗುಪ್ಸೆ ಮೂಡಿತು. ಎದ್ದಳು, ಬೆನ್ನು ಹಾಕಿದಳು, ಎದುರು ದಿಕ್ಕಿಗೆ ನಡೆದಳು. ಈ ಸಲ ಎದುರು ದಿಕ್ಕಿನಲ್ಲಿ ನಮ್ಮ ಮನೆಯಿತ್ತು. ಕಿಂಡಿ ದಾಟಿ, ತುಳಸಿ ದಾಟಿ, ನೆಲದ ಮೇಲೆ ಕುಸಿದಿದ್ದ ನನ್ನನ್ನೂ ದಾಟಿ ತಟ್ಟೆಯತ್ತ ಹೋದಳು.

ಕಾಕೂ ತೆಗೆದ ಫೋಟೋದಲ್ಲಿ ಎಲ್ಲ ನಿಯಮಗಳೂ ಪಾಲನೆಯಾಗಿದ್ದವು. ಕಣ್ಣಿನ ಮಟ್ಟ, ಬೆಳಕು, ಎರಡು ಕಿವಿ. ನೆರಳಿಲ್ಲ, ಗೆರೆಯಿಲ್ಲ, ನನ್ನ ದಯೆಯಿಂದ ಕಲೆಯೂ ಇಲ್ಲ. ಅದನ್ನೇ ಆ್ಯಪಿಗೆ ಕೊಟ್ಟೆವು. ಪುಂಡಿ ಜರಿಯ ಸೆರಗು, ಪಚ್ಚೆಯ ಅಡ್ಡಿಕೆ ತೊಟ್ಟು ಪ್ರಜೆಗಳನ್ನು ತಿರಸ್ಕಾರದಿಂದ ನೋಡುವ ಮಹಾರಾಣಿಯಾದಳು. ನೋಡಿದವರೆಲ್ಲ ಹೊಗಳಿದರು. ನಾನೊಬ್ಬನೇ ನೋಡಲಾರದವನು. ಎಐ ಸಿಂಹಾಸನ ಮಾಡಿದ್ದು ಎಸಿ ಡಬ್ಬವನ್ನು ಎಂದು ನನಗೆ ಗೊತ್ತು. ಹಿಂದಿನ ಗುಲಾಬಿ ತೋಟದ ಜಾಗದಲ್ಲಿ ನಾಲ್ಕು ಮಹಡಿಯ ಬಯಲಿತ್ತೆಂದು ಗೊತ್ತು. ಕಣ್ಣು ಮುಚ್ಚಿದರೆ ಆ ಹಿಂಗಾಲು. ಎದ್ದು ಹೋಗಿ ಗ್ರಿಲ್ಲಿನ ಬೀಗ ಎಳೆದು ನೋಡುವುದೇ ನನಗೆ ನಿದ್ದೆಯಾಯಿತು.

ಅತ್ತೆ ಕಟ್ಟು ಹಾಕಿಸಿದ ಚಿತ್ರ ನೋಡಿ, "ಲಾಯ್ಕ ಉಂಟು. ಆದ್ರೆ ಹೀಗೇ ಬಿಡ್ಲಿಕ್ಕುಂಟಾ?" ಎಂದು ಗಾಜಿನ ಮೇಲೆಯೇ ಒಂದು ಬೊಟ್ಟಿಟ್ಟರು. ನಾನು ಒಳಗೇ ನಕ್ಕೆ. ಮುಂದಿನ ಭಾನುವಾರ ಧೂಳು ಒರೆಸುವಾಗ ಆ ಬೊಟ್ಟು ಬಟ್ಟೆಗೆ ಬಂದುಬಿಟ್ಟಿತು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಅತ್ತೆಯ ಕಾಡಿಗೆ ಡಬ್ಬಿಗೆ ಬೆರಳದ್ದಿ, ಮೊದಲಿಗಿಂತ ದೊಡ್ಡದೊಂದು ಬೊಟ್ಟಿಟ್ಟೆ. ಪುಂಡಿಯೊಬ್ಬಳು ನೋಡುತ್ತಿದ್ದಳು.

ಆ ರಾತ್ರಿ ಮಲಗಿದವನಿಗೆ ಎಚ್ಚರವಾದದ್ದು ಬೆಳಕು ಹರಿದ ಮೇಲೆಯೇ. ಕ್ಷೌರಕ್ಕೆಂದು ಕನ್ನಡಿಯ ಮುಂದೆ ನಿಂತರೆ ನನ್ನ ಎಡದವಡೆಯ ಮೇಲೊಂದು ಕಪ್ಪು ಬೊಟ್ಟು. ಬಾಗಿಲಲ್ಲಿ ನಿಧಿ ಕಿಸಕ್ಕೆಂದಳು: "ಅಜ್ಜೀ ನೇ ಬೋಲಾ, ಪಪ್ಪಾ ಕೋ ಭೀ ಲಗಾ ದೇ. ಕಿತ್ನಾ ಮಸ್ತ್ ಸೋ ರಹೇ ಥೇ ಆಪ್!" ಅಜ್ಜಿ ಹೇಳಿದರೆಂದು, ಗಾಢ ನಿದ್ದೆಯಲ್ಲಿದ್ದ ನನಗೂ ಅವಳೇ ಇಟ್ಟಿದ್ದಳು.

ಅಡುಗೆಮನೆಯಿಂದ ಅತ್ತೆಯ ದನಿ ಬಂತು: "ಬೆಕ್ಕಿಗಾದ್ರೆ ಬುದ್ಧಿ ಉಂಟು, ತಿರುಗಿ ಬಂತು. ಇವರಿಗೆ ಯಾರುಂಟು ಪಾಪ!"

ನಾನು ಬಿ.ಎಸ್ಸಿ. ಓದಿದವನು ಎಂದೆನಲ್ಲ. ಬೊಟ್ಟಿನಷ್ಟು ಜಾಗ ಬಿಟ್ಟು ಸುತ್ತ ಕ್ಷೌರ ಮಾಡಿಕೊಂಡು ಠಾಣೆಯ ಲೋಕಲ್ ರೈಲು ಹತ್ತಿದೆ.