ಗೂಡ್ಸ್ ಗಾಡಿಯಿಲ್ಲದ ಊರು

ಗಂಡ ಹೆಂಡತಿ ಜಗಳಾಡಬಾರದು ಎಂದು ಬುದ್ಧಿ ಹೇಳುವವರು ಊರ ತುಂಬ ಇದ್ದಾರೆ. ಜಗಳಾಡುವುದಕ್ಕೆ ಜಾಗ ಎಲ್ಲಿದೆ ಎಂದು ಕೇಳುವವರನ್ನು ಮಾತ್ರ ನಾನು ಇನ್ನೂ ಕಂಡಿಲ್ಲ. ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯಲ್ಲಿ ಅಪ್ಪ, ಅವ್ವ, ಸೋದರತ್ತೆ, ತಮ್ಮಂದಿರು, ಇವರೆಲ್ಲ ಸಾಲದ್ದಕ್ಕೆ ಯಾವಾಗಲೂ ಒಬ್ಬಿಬ್ಬರು ಬೀಗರು. ಮದುವೆಯಾದ ಮೇಲೆ ನನಗೂ ನೀಲಾಗೂ ಕೊಟ್ಟದ್ದು ಹಿತ್ತಲ ಕಡೆಯ ಒಂದು ಸಣ್ಣ ಖೋಲಿ. ಅದಕ್ಕೂ ನಡುಮನೆಗೂ ಮಧ್ಯೆ ಇದ್ದದ್ದು ಬರಿಯ ಹಲಗೆಯ ಗೋಡೆ. ಆ ಕಡೆ ಅವ್ವ ಮಲಗುತ್ತಿದ್ದಳು. ಅವ್ವ ಮಗ್ಗಲು ಬದಲಿಸಿದರೆ ನಮಗೆ ಕೇಳುತ್ತಿತ್ತು. ಅಂದಮೇಲೆ ನಾವು ಬಾಯಿ ಬಿಟ್ಟರೆ ಅವಳಿಗೆ ಏನೇನು ಕೇಳುತ್ತಿತ್ತೋ ಎಂಬ ಅಂಜಿಕೆಯಲ್ಲಿ ನಮ್ಮ ಸಂಸಾರದ ಮೊದಲ ಕೆಲವು ತಿಂಗಳು ಬರಿಯ ಕೈಸನ್ನೆಯಲ್ಲೇ ಕಳೆದವು. ಕತ್ತಲಲ್ಲಿ ಕೈಸನ್ನೆ ಯಾರಿಗೆ ಕಾಣಬೇಕು ಎಂದು ನೀವು ಕೇಳಬಹುದು. ಅದನ್ನೇ ನಾನೂ ಕೇಳಬೇಕೆಂದಿದ್ದೆ, ಕೇಳುವುದಕ್ಕೆ ಜಾಗವಿರಲಿಲ್ಲ.

ನಮ್ಮ ಸಂಸಾರವನ್ನು ಉಳಿಸಿದ್ದು ರೈಲು. ಹಿತ್ತಲ ಗೋಡೆಯ ಆಚೆಗೇ ಹಳಿ. ಗಾಡಿ ಬಂತೆಂದರೆ ಮಾಡಿನ ಹಂಚು, ಅಡ್ಡಣಿಗೆಯ ಮೇಲಿನ ಚರಿಗೆ, ಅಪ್ಪನ ಕನ್ನಡಕ ಎಲ್ಲವೂ ನಡುಗುತ್ತಿದ್ದವು. ಆ ಗದ್ದಲದಲ್ಲಿ ಎಷ್ಟು ಜೋರಾಗಿ ಮಾತಾಡಿದರೂ ಹಲಗೆಯ ಆಚೆ ಹೋಗುವುದಿಲ್ಲ ಎಂದು ಮೊದಲು ಕಂಡುಹಿಡಿದವಳು ನೀಲಾ. ಸಂಜೆಯ ಮೇಲ್ ಗಾಡಿ ಓಡಿ ಬಂದು ಓಡಿ ಹೋಗುವಂಥದು. ಅದರಲ್ಲಿ "ಪಲ್ಲೆಗೆ ಉಪ್ಪು ಹೆಚ್ಚಾಗಿತ್ತು" ಎನ್ನುವಷ್ಟು ಸಣ್ಣ ಮಾತು ಹಿಡಿಸುತ್ತಿತ್ತು. ಊಟವಾದ ಮೇಲೆ ಬರುವ ಗೂಡ್ಸ್ ಗಾಡಿ ಹಾಗಲ್ಲ. ನಮ್ಮ ಹಿತ್ತಲ ಹತ್ತಿರ ಅದಕ್ಕೆ ಏರು. ತಿಣುಕುತ್ತ, ನರಳುತ್ತ ಹೋಗುತ್ತಿತ್ತು. ತವರುಮನೆಗೆ ಹೋಗುವ ಮಾತು, ನನ್ನ ಸೋದರತ್ತೆಯ ನಾಲಿಗೆಯ ಮಾತು, ಎಲ್ಲವನ್ನೂ ನೀಲಾ ಅದಕ್ಕೇ ಎತ್ತಿಡುತ್ತಿದ್ದಳು. ನಮ್ಮ ಜಗಳಗಳೂ ಅದರಲ್ಲೇ. ಸಿಟ್ಟು ಒಳ್ಳೇ ಹದಕ್ಕೆ ಬಂದಾಗ ಗಾರ್ಡಿನ ಡಬ್ಬಿ ಹಾದುಹೋಗಿಬಿಡುತ್ತಿತ್ತು. ಉಳಿದ ಸಿಟ್ಟನ್ನು ನಾಳೆಗೆ ಇಟ್ಟುಕೊಳ್ಳಬೇಕು. ನಾಳೆ ಗಾಡಿ ಬರುವಷ್ಟರಲ್ಲಿ ಅದು ಯಾತಕ್ಕೆ ಬಂದಿತ್ತೆಂಬುದೇ ಇಬ್ಬರಿಗೂ ನೆನಪಿರುತ್ತಿರಲಿಲ್ಲ.

ಇನ್ನು ಮುಂದಿನದನ್ನು ನಗುನಗುತ್ತ ಹೇಳಲು ನನಗೆ ಬರುವುದಿಲ್ಲ. ನಮಗೊಂದು ಮಗಳು ಹುಟ್ಟಿದ್ದಳು. ಗುಬ್ಬಿ ಎಂದು ಕರೆಯುತ್ತಿದ್ದೆವು. ಗಾಡಿ ಬರುವ ಮೊದಲೇ ಅವಳಿಗೆ ಅದು ಹೇಗೋ ತಿಳಿದು, ತುಟಿ ಮುಂದೆ ಮಾಡಿ "ಕೂ" ಅನ್ನುತ್ತಿದ್ದಳು. ನಡೆಯಲು ಕಲಿತಿದ್ದಳು. ಗಂಟಲುಬೇನೆ ಬಂದು ಎರಡೇ ದಿನಗಳಲ್ಲಿ ಹೋದಳು.

ಆ ದಿನಗಳಲ್ಲಿ ನನ್ನ ತಂಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಕೂಸನ್ನು ಮಣ್ಣು ಮಾಡಿ ಬಂದ ಸಂಜೆ ಅವ್ವ ನಮ್ಮ ಖೋಲಿಯ ಬಾಗಿಲಲ್ಲಿ ನಿಂತು ಹೇಳಿದಳು: "ಬಸರ ಹುಡಿಗಿ ಮನ್ಯಾಗ ಅದಾಳ. ಆಕಿ ಕಿವಿಗೆ ಅಳೂ ಸಪ್ಪಳ ಬೀಳಬಾರ್ದು. ಹೊಟ್ಯಾಗ ನುಂಗಿಕೊಳ್ಳ್ರಿ." ಹೇಳುವಾಗ ಅವ್ವನ ಮುಖ ಗೋಡೆಯ ಕಡೆಗಿತ್ತು. ನೀಲಾ ತಲೆಯಾಡಿಸಿದಳು. ನುಂಗಿಕೊಂಡಳು. ಎಷ್ಟು ನುಂಗಿಕೊಂಡಳೆಂದರೆ ಅಳುವಿನ ಜೊತೆಗೆ ಮಾತನ್ನೂ ನುಂಗಿಕೊಂಡಳು. ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೇ. ರೊಟ್ಟಿ ಬಡಿಯುವಳು, ನೀರು ಸೇದುವಳು, ಬಂದು ಹಲಗೆಯ ಗೋಡೆಗೆ ಮುಖ ಮಾಡಿ ಮಲಗುವಳು. ಗೂಡ್ಸ್ ಗಾಡಿ ಬಂದು ಹೋಗುತ್ತಿತ್ತು. ಅವಳು ಒಂದು ಮಾತೂ ಆಡುತ್ತಿರಲಿಲ್ಲ. ನಾನೇನು ಮಾಡಲಿ? ಎದ್ದು ಕಿಟಕಿಯ ಹತ್ತಿರ ಹೋಗಿ ಗಾಡಿಯ ಡಬ್ಬಿ ಎಣಿಸುತ್ತ ನಿಲ್ಲುವ ರೂಢಿ ಮಾಡಿಕೊಂಡೆ. ಎಣಿಸುವುದು ನನ್ನ ಉದ್ಯೋಗವೇ. ಹುಬ್ಬಳ್ಳಿಯ ಅರಳೆಯ ಅಡತಿ ಅಂಗಡಿಯಲ್ಲಿ ದಿನವಿಡೀ ಅಂಡಿಗೆ, ಎಂದರೆ ಅರಳೆಯ ಮೂಟೆ, ಎಣಿಸುವವನು ನಾನು.

ಹೀಗೇ ಎರಡು ತಿಂಗಳಾದ ಮೇಲೆ ಅವ್ವ ನನ್ನನ್ನು ಹಿತ್ತಲಿಗೆ ಕರೆದಳು. "ಇಕೀನ್ನ ಎಲ್ಲ್ಯಾರ ಕರಕೊಂಡ ಹೋಗೋ. ಅನ್ನದ ಮುಂದ ಕುಂತು ಅನ್ನ ನೋಡ್ತಾಳ, ಉಣ್ಣೂದಿಲ್ಲ. ಕೂಸು ಹ್ವಾತು. ಹಿಂಗ ಬಿಟ್ರ ಇಕೀನೂ ಕೈಬಿಟ್ಟ ಹೋಗ್ತಾಳ." ಅವ್ವ ಅಂಜಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಎಲ್ಲಿಗೆ ಹೋಗುವುದು? ನಮ್ಮ ಅಂಗಡಿಯ ಗುರುಪಾದ ಎಂಬ ಗೆಳೆಯ ಕಾರವಾರದ ಸಮುದ್ರದ ದಂಡೆಯ ಮೇಲಿನ ಒಂದು ಖಾನಾವಳಿಯ ಹೆಸರು ಹೇಳಿದ. "ರೋಮ್ಯಾಂಟಿಕ್ ಜಾಗಾ ಐತೋ! ಮಾಡಿ ಮ್ಯಾಲೆ ಖೋಲಿ, ಕಿಟಕಿ ತಗದ್ರ ಸಮುದ್ರ. ತೆರಿ ನೋಡಕೋತ ಕುಂತ್ರ ಸತ್ತ ಮನಶಾನೂ ಎದ್ದ ಕುಂತು ಹಾಡ್ತಾನ." ಅವನು ಅಷ್ಟು ಬಣ್ಣಿಸಿದ ಮೇಲೆ ಅನುಮಾನಿಸುವುದು ಹೇಗೆ? ಅವನು ತನ್ನ ಜನ್ಮದಲ್ಲಿ ಸಮುದ್ರವನ್ನೇ ಕಂಡಿಲ್ಲ ಎಂಬುದು ನನಗೆ ತಿಳಿದದ್ದು ತಿರುಗಿ ಬಂದ ಮೇಲೆ.

ಯಲ್ಲಾಪುರ ದಾಟಿ ಮೋಟಾರು ಘಟ್ಟ ಇಳಿಯತೊಡಗಿದಾಗ, ಹೆಂಡತಿಯನ್ನು ಜೋಪಾನ ಮಾಡಲು ಹೊರಟ ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿದವನು ಕೆಳಗೆ ಮುಟ್ಟುವತನಕ ಒಳಗೆ ತೆಗೆದುಕೊಳ್ಳಲಿಲ್ಲ. ನೀಲಾ ಒಂದೂ ಮಾತಾಡದೆ ನನ್ನ ಹಣೆ ಹಿಡಿದುಕೊಂಡಿದ್ದಳು. ರೋಗಿ ಯಾರು, ಜೊತೆಗೆ ಬಂದವರು ಯಾರು ಎಂದು ಮೋಟಾರಿನಲ್ಲಿದ್ದವರಿಗೆ ಗೊಂದಲವಾಗಿದ್ದರೆ ತಪ್ಪಲ್ಲ.

ಖಾನಾವಳಿಯ ಯಜಮಾನನನ್ನು ಎಲ್ಲರೂ ಮಾಮ ಎನ್ನುತ್ತಿದ್ದರು. ದೊಡ್ಡ ಹೊಟ್ಟೆಯ, ದೊಡ್ಡ ನಗೆಯ ಮನುಷ್ಯ. ನಮ್ಮನ್ನು ನೋಡಿದೊಡನೆ ಅವನ ಮುಖ ಅರಳಿತು. "ಹೊಸ ಜೋಡಿ! ನನಗೆ ನೋಡಿದ ಕೂಡಲೆ ಗೊತ್ತಾಯಿತು. ಹೆಂಡತಿ ಮಾತಾಡುವುದಿಲ್ಲ, ಗಂಡನ ಮುಖ ಬಾಡಿದೆ. ಎಲ್ಲ ಹೊಸಬರೂ ಹೀಗೆಯೇ. ನಾಚಿಕೆ ಎಂತದು? ನಾಲ್ಕು ದಿನ ಸಮುದ್ರದ ಗಾಳಿ ತಾಗಲಿ!" ನಾನು ಅಲ್ಲವೆಂದು ಹೇಳಬೇಕಿತ್ತು. ಅಲ್ಲವೆಂದರೆ ಮತ್ತೆ ಯಾಕೆ ಬಂದಿರಿ ಎಂದು ಕೇಳುತ್ತಾನೆ. ಸುಮ್ಮನೆ ಹಲ್ಲು ಕಿರಿದೆ.

ಹಲ್ಲು ಕಿರಿದದ್ದಕ್ಕೆ ಸರಿಯಾದ ಶಿಕ್ಷೆಯಾಯಿತು. ದಿನಾ ಸಂಜೆ ಮಾಮ ನಮ್ಮ ಹಾಸಿಗೆಯ ಮೇಲೆ ಮಲ್ಲಿಗೆ ಹೂವು ಚೆಲ್ಲಿಸುತ್ತಿದ್ದ. ಆ ಹಾಸಿಗೆಯೋ ಉಪ್ಪುಗಾಳಿಗೆ ತೊಯ್ದು ಮೈಗೆ ಅಂಟುತ್ತಿತ್ತು. ಬೆಳಿಗ್ಗೆ ಎದ್ದರೆ ನನ್ನ ಬೆನ್ನ ತುಂಬ ಬಾಡಿದ ಮಲ್ಲಿಗೆ. ಗರಗದ ಖಾದಿಯ ನನ್ನ ಧೋತರವನ್ನು ಮೊದಲ ದಿನ ಒಗೆದು ಹಾಕಿದ್ದು ಹೊರಡುವತನಕ ಒಣಗಲಿಲ್ಲ. ಮೂರು ಹೊತ್ತೂ ಅನ್ನ. ಜೋಳದ ರೊಟ್ಟಿ ಕಾಣದೆ ನನ್ನ ಹೊಟ್ಟೆ ನನ್ನನ್ನೇ ಬೈಯತೊಡಗಿತು. ಕಿಟಕಿ ತೆಗೆದರೆ ಒಣಮೀನಿನ ವಾಸನೆ, ಹಾಕಿದರೆ ಬೆವರು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ನಾನು ಹೆಗಲ ಮೇಲಿನ ವಲ್ಲಿಯನ್ನು ಮೂಗಿಗೆ ಹಿಡಿದು ಕುಳಿತು ತೆರೆ ನೋಡಿದೆ. ಒಂದು ತೆರೆ ಬಂತು, ಹೋಯಿತು. ಮತ್ತೊಂದು ಬಂತು, ಅದೂ ಹೋಯಿತು. ಹಾಡು ಮಾತ್ರ ಬರಲಿಲ್ಲ.

ನೀಲಾ ತೆರೆಯನ್ನೂ ಅನ್ನವನ್ನು ನೋಡಿದ ಹಾಗೆಯೇ ನೋಡಿದಳು. ಆ ಊರಲ್ಲಿ ರೈಲಿಲ್ಲ. ನಮಗೆ ಮಾತಾಡಲು ಇದ್ದ ಒಂದೇ ಹೊತ್ತೂ ಅಲ್ಲಿಲ್ಲ. ಸಮುದ್ರ ಹಗಲೂ ರಾತ್ರಿ ಒಂದೇ ಸಮನೆ ಮೊರೆಯುವಂತೆ ನಮಗೆ ಕೇಳುತ್ತಿತ್ತು, ನಿಜ. ಆದರೆ ಮುಗಿಯದ ಗದ್ದಲದಲ್ಲಿ ಮಾತನ್ನು ಎಲ್ಲಿಂದ ಶುರು ಮಾಡಬೇಕೆಂಬುದು ನಮಗೆ ತಿಳಿಯಲಿಲ್ಲ. ಗಾಡಿ ಬಂತೆಂದರೆ ಮಾತಾಡಬೇಕು, ಹೋಯಿತೆಂದರೆ ಬಾಯಿ ಮುಚ್ಚಬೇಕು, ಇಷ್ಟೇ ಕಲಿತವರು ನಾವು.

ಮೂರನೆಯ ದಿನ ಮಧ್ಯಾಹ್ನ ಊಟಕ್ಕೆ ಕುಳಿತಾಗ ಮಾಮ ನೀಲಾಳ ಎಲೆಗೆ ತಾನೇ ಪಾಯಸ ಬಡಿಸಿ, ಪಂಕ್ತಿಗೆಲ್ಲ ಕೇಳುವಂತೆ ನಕ್ಕು ಹೇಳಿದ: "ಬರುವ ವರ್ಷ ಇಬ್ಬರೇ ಬಂದರೆ ಖೋಲಿ ಕೊಡುವುದಿಲ್ಲ ನೋಡಿ. ಮೂವರಾಗಿ ಬರಬೇಕು! ತೊಟ್ಟಿಲು ನನ್ನದು."

ನೀಲಾ ಎದ್ದಳು. ಕೈ ಕೂಡ ತೊಳೆಯದೆ ಮೆಟ್ಟಿಲು ಹತ್ತಿ ಹೋದಳು. ಮಾಮ "ನಾಚಿಕೆ, ನಾಚಿಕೆ" ಎಂದು ಮತ್ತೂ ನಕ್ಕ. ನಾನು ಹಿಂದೆಯೇ ಓಡಿದೆ.

ಅವಳು ಸಮುದ್ರದ ಕಡೆಯ ಕಟಾಂಜನದ ಕಂಬಿ ಹಿಡಿದು ನಿಂತಿದ್ದಳು. ಕೆಳಗೆ ತೆರೆ ಕಲ್ಲಿಗೆ ಬಡಿದು ಮೊರೆಯುತ್ತಿತ್ತು, ನಮ್ಮ ಗೂಡ್ಸ್ ಗಾಡಿಯಂತೆಯೇ. ಒಮ್ಮೆಲೇ ಅವಳು ಬಾಯಿ ತೆರೆದಳು. ಅಂಥ ಅಳುವನ್ನು ನಾನು ಕೇಳಿರಲಿಲ್ಲ. "ನನ್ನ ಗುಬ್ಬೀ, ನನ್ನವ್ವಾ, ಎಲ್ಲಿಗ್ಹೋದ್ಯೇ" ಎಂದು ಹಣೆ ಹಣೆ ಬಡಿದುಕೊಂಡು ಅತ್ತಳು. ಹಿಡಿಯಲು ಹೋದ ನನ್ನ ಕೈಯನ್ನು ಕೊಡವಿದಳು. ಆಮೇಲೆ ತಾನೇ ಹಿಡಿದುಕೊಂಡಳು. ನನಗೂ ತಡೆಯಲಾಗಲಿಲ್ಲ. ಇಬ್ಬರೂ ಗೋಡೆಗೆ ಒರಗಿ ಕುಳಿತು ಎಷ್ಟು ಹೊತ್ತು ಅತ್ತೆವೋ ತಿಳಿಯದು.

ಕಡೆಗೆ ನಾನು ಕೇಳಿದೆ: "ಮನ್ಯಾಗ ಗಾಡಿ ಬಂದಾಗರ ಯಾಕ ಅಳಲಿಲ್ಲ ನೀಲಾ? ಯಾರಿಗೂ ಕೇಳಸ್ತಿರಲಿಲ್ಲಲ್ಲ."

"ನೀವು ಅಳ್ತಿದ್ರೆಲ್ಲ," ಎಂದಳು.

"ನಾ ಎಲ್ಲಿ ಅಳ್ತಿದ್ದೆ? ಡಬ್ಬಿ ಎಣಸ್ತಿದ್ದೆ."

"ಡಬ್ಬಿ ಎಣಸವರ ಹೆಗಲು ಹಂಗ ಅಳಗ್ಯಾಡೂದಿಲ್ಲ, ನಾ ಹೊಳ್ಳಿ ನೋಡೇನಿ, ಸುಮ್ನಿರ್ರಿ. ಇದ್ದದ್ದ ಒಂದ ಗಾಡಿ. ಇಬ್ರೂ ಶುರು ಮಾಡಿದ್ರ ಗಾಡಿ ಹ್ವಾದಮ್ಯಾಲೆ ನಿಲ್ಲಸವರ ಯಾರು? ಮನಿಗೆಲ್ಲಾ ಕೇಳ್ತೈತಿ. ಇವತ್ತ ಅವರು ಅಳ್ಲಿ, ನಾಳೆ ನಂದು ಅಂತ ಬಿಟ್ಟಕೊಟ್ಟೆ. ನಾಳೆ ಗಾಡಿ ಬಂತಂದ್ರ ನೀವ ಮತ್ತ ಎದ್ದು ಕಿಟಕಿಗೆ ಹೋಗಿ ನಿಂತಬಿಡ್ತಿದ್ರಿ."

ಎರಡು ತಿಂಗಳು ಅವಳ ಪಾಲಿನ ಗಾಡಿಯನ್ನೂ ನಾನೇ ಹತ್ತಿಕೊಂಡು ಹೋಗಿದ್ದೆ. ಅವಳನ್ನು ಕಲ್ಲಾದಳೆಂದು ತಿಳಿದು ಮದ್ದು ಹುಡುಕುತ್ತ ಕಾರವಾರದ ತನಕ ಬಂದವನೂ ನಾನೇ.

ಆಗ ನಮಗೆ ಇನ್ನೊಂದು ತಿಳಿಯಿತು. ಸುತ್ತ ಏನೋ ಸುಮ್ಮಗಾಗಿತ್ತು. ನೋಡಿದರೆ ಕೆಳಗೆ ಕಲ್ಲುಗಳ ಮೇಲೆ ನೀರೇ ಇಲ್ಲ. ಸಮುದ್ರ ದೂರ ಸರಿದು ಎಲ್ಲೋ ಸಣ್ಣಗೆ ಉಸಿರಾಡುತ್ತಿತ್ತು. ಸಮುದ್ರಕ್ಕೂ ಇಳಿತ ಎಂಬ ಗಾರ್ಡಿನ ಡಬ್ಬಿ ಇರುತ್ತದೆಂದು ಧಾರವಾಡದವರಿಗೆ ಯಾರು ಹೇಳಬೇಕು? ಅಂಗಳದಲ್ಲಿ ಎಲೆ ಎತ್ತುವವರು ಎಲೆ ಹಿಡಿದೇ ನಿಂತಿದ್ದರು. ಕಡೆಯ ಪಂಕ್ತಿಯಲ್ಲಿದ್ದವರೆಲ್ಲ ತಲೆ ಎತ್ತಿ ನಮ್ಮ ಖೋಲಿಯ ಕಡೆ ನೋಡುತ್ತಿದ್ದರು. ನಮ್ಮ ಮಾತು ಒಂದೂ ಬಿಡದೆ ಎಲ್ಲರಿಗೂ ಕೇಳಿತ್ತು. ಎಲ್ಲರ ಮಧ್ಯೆ ಮಾಮ, ಕೈಯಲ್ಲಿ ಪಾಯಸದ ಸೌಟು ಹಿಡಿದು, ಅಳುವ ಮುಖ ಮಾಡಿಕೊಂಡು ನಿಂತಿದ್ದ.

ಆ ಸಂಜೆ ಹಾಸಿಗೆಯ ಮೇಲೆ ಹೂವಿರಲಿಲ್ಲ. ರಾತ್ರಿಯ ಊಟಕ್ಕೆ ಮಾಮ ಬಡಿಸಲು ಬರಲಿಲ್ಲ. ಅಡಿಗೆಮನೆಯಿಂದ ಎಂದೂ ಹೊರಗೆ ಬಾರದ ಅವನ ಹೆಂಡತಿ ಬಂದಳು. ಅಕ್ಕಿಹಿಟ್ಟಿನಲ್ಲಿ ಹೇಗೋ ಬಡಿದ, ಅಂಚು ಹರಿದ ರೊಟ್ಟಿಗಳನ್ನು ನೀಲಾಳ ಎಲೆಗೆ ಹಾಕಿ ಪಕ್ಕದಲ್ಲೇ ಕುಳಿತಳು. ಅವಳಿಗೆ ಕನ್ನಡ ಬಾರದು, ನೀಲಾಗೆ ಕೊಂಕಣಿ ಬಾರದು. ಅವಳು ತೋಳಲ್ಲಿ ಕೂಸು ತೂಗಿದಂತೆ ಮಾಡಿ, ಕೈಬೆರಳು ಎತ್ತಿ ಎರಡು ಎಂದು ತೋರಿಸಿ, ಆ ಕೈಯನ್ನು ಸಮುದ್ರದ ಕಡೆ ಬೀಸಿದಳು. ನೀಲಾ ಅವಳ ಕೈ ಹಿಡಿದುಕೊಂಡಳು. ನಂತರ ರೊಟ್ಟಿ ಮುರಿದು ಉಂಡಳು. ಅದನ್ನು ನೋಡಿ ನನಗೂ ಹಸಿವೆಯಾಯಿತು. ನನ್ನ ಎಲೆಗೆ ಮಾತ್ರ ಅನ್ನವೇ ಬಿತ್ತು.

ಮನೆಗೆ ಬಂದೆವು. ತಂಗಿ ಇನ್ನೂ ಹೆತ್ತಿರಲಿಲ್ಲ. ಊಟವಾಯಿತು, ಗೂಡ್ಸ್ ಗಾಡಿ ಬಂತು. ನಾನು ದೊಡ್ಡ ತ್ಯಾಗಿಯಂತೆ, "ಇವತ್ತ ನಿಂದು" ಎಂದೆ. "ಇವತ್ತ ಬ್ಯಾಡ್ರಿ, ಸುಮ್ನ ಕೇಳ್ರಿ," ಎಂದಳು ನೀಲಾ. ಅಷ್ಟು ದಿನ ಗಾಡಿ ಬಂದಾಗ ನಾನು ನನ್ನ ಅಳುವನ್ನಲ್ಲದೆ ಬೇರೇನನ್ನೂ ಕೇಳಿರಲಿಲ್ಲ. ಅಂದು ಹಲಗೆಗೆ ಕಿವಿ ಒತ್ತಿ ಹಿಡಿದೆ. ಗಾಲಿಗಳ ಗದ್ದಲದ ಕೆಳಗೆ, ಹಲಗೆಯ ಆಚೆ, ಅವ್ವ ಅಳುತ್ತಿದ್ದಳು. ಬಾಯಿಗೆ ಸೆರಗು ತುರುಕಿಕೊಂಡು ಅಳುವವರ ಸಪ್ಪಳ ಅದು. ಗಾಡಿ ಹಾದುಹೋಗುತ್ತಲೇ ಅಳು ನಿಂತಿತು. ಅವ್ವ ಕೆಮ್ಮಿ, ಮಗ್ಗಲು ಬದಲಿಸಿದಳು.

"ಎಂದಿನಿಂದ?" ಎಂದು ಕೈಸನ್ನೆ ಮಾಡಿದೆ. ಚಿಮಣಿ ದೀಪದ ಬೆಳಕಿತ್ತು, ಕಂಡಿತು. "ಮೊದಲನೇ ದಿನದಿಂದ" ಎಂದು ಅವಳೂ ಕೈಸನ್ನೆ ಮಾಡಿದಳು.

ಬೆಳಿಗ್ಗೆ ಅವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದಾಗ ಹತ್ತಿರ ಹೋಗಿ ಹೇಳಿದೆ: "ಅವ್ವಾ, ನೀನೂ ಒಮ್ಮೆ ಕಾರವಾರಕ್ಕ ಹೋಗಿ ಬಾ. ಗಾಳಿ ಛಲೋ ಐತಿ."

ಅವ್ವ ಮೊರ ಕೆಳಗಿಟ್ಟು ನನ್ನನ್ನು ನೋಡಿದಳು. ಅವಳಿಗೆ ಎಲ್ಲ ತಿಳಿಯಿತೆಂದು ನನಗೆ ತಿಳಿಯಿತು. "ನನಗ್ಯಾಕಪಾ ಸಮುದ್ರ? ಹಿತ್ತಲದಾಗ ಗಾಡಿ ಐತಲ್ಲ," ಎಂದಳು. ಮತ್ತೆ ಮೊರ ಎತ್ತಿಕೊಂಡು, ನನ್ನ ಕಡೆ ನೋಡದೆ ಕೇಳಿದಳು: "ಅಂದಂಗ, ದಿನಾ ಕಿಟಕ್ಯಾಗ ನಿಂತು ಎಣಸ್ತಿದ್ದೆಲ್ಲ, ಎಷ್ಟ ಡಬ್ಬಿ ಇರ್ತಾವೋ ಅದಕ್ಕ?"

ಒಳಗೆ ನೀಲಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಉತ್ತರಕ್ಕೆ ಕಾಯುತ್ತಿದ್ದಳು. ಅಂಡಿಗೆಯ ಲೆಕ್ಕದಲ್ಲಿ ಒಂದೂ ತಪ್ಪದವನೆಂದು ಹುಬ್ಬಳ್ಳಿಯ ಅಂಗಡಿಯಲ್ಲಿ ನನಗೆ ಹೆಸರಿದೆ. ಆ ಗಾಡಿಗೆ ಎಷ್ಟು ಡಬ್ಬಿಯೋ, ಇಂದಿಗೂ ನನಗೆ ಗೊತ್ತಿಲ್ಲ.