ಜಪಾನೀ ತೊಟ್ಟಿಯಲ್ಲಿ ಹರಳೆಣ್ಣೆ

ನಾನು ಕೆಲಸ ಮಾಡೋ ಜಾಗದಲ್ಲಿ ವಾರಕ್ಕೊಂದು ಎಡವಟ್ಟು ಆಗೇ ಆಗುತ್ತೆ. ಯಾವುದಾದರೂ ವಾರ ಆಗಲಿಲ್ಲ ಅಂದ್ರೆ, ಆ ವಾರ ನಮ್ಮ ಕನ್ನಡದವರು ಯಾರೂ ಬಂದಿಲ್ಲ ಅಂತ ಅರ್ಥ.

ಇಲ್ಲಿ ಅಮೆರಿಕದಲ್ಲಿ, ಪ್ಲಿಮತ್ ಹತ್ತಿರ, ಹೈವೇಯಿಂದ ಎಕ್ಸಿಟ್ ತಗೊಂಡು ಎರಡು ಮೈಲಿ ಹೋದ್ರೆ ಒಂದು ಜಪಾನೀ ವಸತಿಗೃಹ ಇದೆ. ಸುತ್ತಮುತ್ತಲ ಕಾರು ಬಿಡಿಭಾಗದ ಕಂಪನಿಗಳಿಗೆ ಜಪಾನಿಂದ ಬರೋ ಎಂಜಿನಿಯರುಗಳಿಗೆ ಅಂತ ಕಟ್ಟಿಸಿದ್ದು. ನೆಲಕ್ಕೆಲ್ಲ ಹುಲ್ಲಿನ ಚಾಪೆ, ಕಾಗದದ ಬಾಗಿಲು. ಮಂಚ ಇಲ್ಲ, ನೆಲದ ಮೇಲೇ ಹಾಸಿಗೆ. ಹಾಗಂತ ಕಷ್ಟದ ಜಾಗ ಅಂದ್ಕೋಬೇಡಿ. ಚಾಪೆ ಕೆಳಗೆ ಹೀಟರ್ ಇದೆ, ಬಟನ್ ಒತ್ತಿದ್ರೆ ಸ್ನಾನದ ತೊಟ್ಟಿ ತಾನೇ ತುಂಬುತ್ತೆ, ಟಾಯ್ಲೆಟ್ ಸೀಟು ಸದಾ ಬೆಚ್ಚಗಿರುತ್ತೆ.

ನಾನು ಅಲ್ಲಿ ಫ್ರಂಟ್ ಡೆಸ್ಕ್. ಗಂಡನ ವೀಸಾ ಮೇಲೆ ಬಂದು ಫಾರ್ಮಿಂಗ್ಟನ್ ಹಿಲ್ಸಲ್ಲಿ ಆರು ವರ್ಷ ಮನೇಲೇ ಕೂತಿದ್ದೆ. ವರ್ಕ್ ಪರ್ಮಿಟ್ ಬಂದ ಮೇಲೆ ಸಿಕ್ಕ ಮೊದಲನೇ ಕೆಲಸ ಇದು. ಮೂರು ತಿಂಗಳು ಟ್ರಯಲ್. ಆಮೇಲೆ ಕಾಯಂ ಮಾಡೋದೋ, ಮನೆಗೆ ಕಳಿಸೋದೋ, ಮೇಡಂ ಇಷ್ಟ. ಮೇಡಂ ಅಂದ್ರೆ ಮಾಲೀಕರು, ಎಪ್ಪತ್ತು ದಾಟಿದ ಜಪಾನೀ ಹೆಂಗಸು. ಬೈಯೋದಿಲ್ಲ, ಕೂಗಾಡೋದಿಲ್ಲ. ಏನೇ ಆದರೂ "ಐ ಸೀ" ಅಂತಾರೆ, ಅಷ್ಟೇ. ಅದನ್ನ ಕೇಳಿದಾಗೆಲ್ಲ ನಾನು ಟ್ರಯಲ್ ಇನ್ನೆಷ್ಟು ದಿನ ಉಳಿದಿದೆ ಅಂತ ಎಣಿಸೋಳು. ಈ ಕೆಲಸ ಹೋದ್ರೆ ಮತ್ತೆ ಅದೇ ಸೋಫಾ, ಅದೇ ಟಿವಿ. ಅದು ನನಗೆ ಸಾಕೋ ಸಾಕು ಅನಿಸಿಬಿಟ್ಟಿತ್ತು.

ಅಷ್ಟೆಲ್ಲ ಗೊತ್ತಿದ್ದೂ ನಮ್ಮ ಕನ್ನಡ ಗ್ರೂಪಲ್ಲಿ "ನಾನಿಲ್ಲಿ ಕೆಲಸಕ್ಕೆ ಸೇರಿದೀನಿ, ಎಲ್ಲರೂ ಬನ್ನಿ" ಅಂತ ಮೆಸೇಜ್ ಹಾಕಿದೆ. ಬುದ್ಧಿ ಎಲ್ಲಿಟ್ಟಿದ್ದೆನೋ.

೧. ಮುಕ್ಕಾಲು ಗಂಟೆ

ಮೊದಲು ಬಂದವರು ಓಕ್ ಬ್ರೂಕಿನ ಅಂಕಲ್, ಆಂಟಿ. ಹುಬ್ಬಳ್ಳಿ ಕಡೆಯವರು. ಐದು ಗಂಟೆ ಡ್ರೈವ್ ಮಾಡ್ಕೊಂಡು ಬಂದಿದ್ರು. ಅಂಕಲ್ ರೂಮಿಗೆ ಹೋದವರೇ ಟಾಯ್ಲೆಟ್ ಒಳಗೆ ಸೇರಿಕೊಂಡ್ರು. ಮುಕ್ಕಾಲು ಗಂಟೆ ಆದ್ರೂ ಪತ್ತೆ ಇಲ್ಲ. ಆಂಟಿ ಗಾಬರಿಯಾಗಿ ಡೆಸ್ಕಿಗೆ ಬಂದ್ರು. ನಾನೂ ಮೇಡಮ್ಮೂ ಓಡಿದ್ವಿ. ನಾನು ಬಾಗಿಲು ತಟ್ಟಿದೆ.

"ಅಂಕಲ್, ಆರಾಮಾಗಿದೀರಾ?"

"ಭಾಳ ಆರಾಮ್ ಅದೀನಿ ನೋಡವಾ," ಅಂತ ಒಳಗಿಂದ ಉತ್ತರ ಬಂತು. "ಬಟನ್ ಒತ್ತಿದ್ರ ಬಿಸಿನೀರು ಬರತೈತಿ, ಇನ್ನೊಂದು ಒತ್ತಿದ್ರ ಗಾಳಿ ಬೀಸತೈತಿ. ಈ ದೇಶಕ್ಕ ಬಂದು ಹದಿನೆಂಟ್ ವರ್ಷ ಆತು. ಹೋದಲ್ಲೆಲ್ಲ ಬರೇ ಕಾಗದಾ, ಚೊಂಬು ಹೊತ್ಕೊಂಡ ತಿರಗೂದು. ಇವತ್ತ ಮತ್ತ ಮನಷ್ಯಾ ಆದೆ."

ಏನು ತೊಂದರೆಯಂತೆ ಅಂತ ಮೇಡಂ ಕೇಳಿದ್ರು. "ಏನೂ ಇಲ್ಲ, ಅವರಿಗೆ ತುಂಬಾ ಹಿಡಿಸಿದೆಯಂತೆ" ಅಂದೆ. "ಐ ಸೀ" ಅಂದ್ರು.

ಎರಡು ದಿನ ಇದ್ರು. ತೋಟ ನೋಡಲಿಲ್ಲ, ಊರು ಸುತ್ತಲಿಲ್ಲ. ಹೊರಡುವಾಗ ಬ್ಯಾಗಿಂದ ತಮ್ಮ ಪ್ಲಾಸ್ಟಿಕ್ ಚೊಂಬು ತೆಗೆದು ನನ್ನ ಡೆಸ್ಕ್ ಮೇಲಿಟ್ಟು, "ಇದನ್ನ ನೀನ ಇಟ್ಕೋ. ಮನಿಗೆ ಇಂಥದ್ದೊಂದು ಸೀಟು ಆರ್ಡರ್ ಮಾಡೀನಿ," ಅಂದ್ರು.

೨. ಎಡ ಯಾವುದು, ಬಲ ಯಾವುದು

ಬಂದವರಿಗೆಲ್ಲ ನಾವು ಒಂದು ಹತ್ತಿಯ ನಿಲುವಂಗಿ ಕೊಡ್ತೀವಿ. ಅದರ ಎಡಗಡೆ ಅಂಚು ಮೇಲೆ ಬರೋ ಹಾಗೆ ಸುತ್ತಿಕೋಬೇಕು. ಬೆಂಗಳೂರಿನ ಒಬ್ಬ ಐಟಿಯವರು ಉಲ್ಟಾ ಸುತ್ತಿಕೊಂಡು ಹೆಂಡತಿ ಜೊತೆ ಊಟಕ್ಕೆ ಬಂದ್ರು. ಮೇಡಂ ಕೈಯಲ್ಲಿದ್ದ ಟ್ರೇ ಕೆಳಗಿಟ್ಟು, ಅವರ ಕಡೆ ಓಡಿ, ಸೊಂಟದ ಪಟ್ಟಿಗೇ ಕೈ ಹಾಕಿದ್ರು. ಪಾಪ, ಮನುಷ್ಯ ಹೆದರಿ ಗೋಡೆಗೆ ಅಂಟಿಕೊಂಡ.

ನಾನು ಮಧ್ಯೆ ಹೋಗಿ ಬಿಡಿಸಿ ಹೇಳಿದೆ. "ತಪ್ಪು ತಿಳ್ಕೋಬೇಡಿ ಸರ್. ಬಲಗಡೆ ಮೇಲೆ ಬಂದ್ರೆ ಅದು ಹೆಣಕ್ಕೆ ಉಡಿಸೋ ರೀತಿಯಂತೆ."

ಹೆಂಡತಿ ತಟ್ಟೆಯಿಂದ ತಲೆಯೂ ಎತ್ತಲಿಲ್ಲ. "ಹಾಗಾದ್ರೆ ಸರಿಯಾಗೇ ಇದೆ ಬಿಡಿ. ವೀಕೆಂಡಲ್ಲಿ ಇವರು ಇರೋದೇ ಹಾಗೆ," ಅಂದ್ರು.

೩. ಅತ್ತೆ ಬಂದ್ರು

ಟ್ರಯಲ್ ಮುಗಿಯೋ ಹೊತ್ತಿಗೆ ಮೇಡಂ ಕರೆದು, "ಈ ಶನಿವಾರ ನಿನ್ನ ಮನೆಯವರನ್ನ ಕರ್ಕೊಂಡು ಬಾ, ಒಂದು ದಿನ ನಮ್ಮ ಅತಿಥಿಯಾಗಿ ಇರಲಿ. ಸೋಮವಾರ ನಿನ್ನ ಕೆಲಸದ ವಿಷಯ ಮಾತಾಡೋಣ," ಅಂದ್ರು. ಗಂಡನಿಗೆ ಆಫೀಸಿನ ಕೆಲಸ ಇತ್ತು. ಮೈಸೂರಿಂದ ಬಂದಿದ್ದ ನಮ್ಮತ್ತೆ ಮಾತ್ರ ರೆಡಿಯಾಗಿದ್ರು. ರೆಡಿ ಅಂದ್ರೆ ಗುರುವಾರದಿಂದಲೇ.

ರೂಮಲ್ಲಿ ಗೋಡೆಗೆ ಒಂದು ಗೂಡು ಇರುತ್ತೆ. ಅದರಲ್ಲಿ ಅಕ್ಷರ ಬರೆದ ಒಂದು ಉದ್ದನೆ ಪಟ, ಕೆಳಗೆ ಒಂದು ಹೂವು. ಅಲಂಕಾರಕ್ಕೆ ಅಷ್ಟೇ. ಅತ್ತೆ ಅದನ್ನ ನೋಡಿ, "ರೂಮಲ್ಲೇ ದೇವರ ಗೂಡು ಇಟ್ಟಿದಾರಲ್ಲೇ, ಎಷ್ಟು ಸಂಪ್ರದಾಯಸ್ಥರು," ಅಂದ್ರು. ನಾನು ನಕ್ಕು ಟೀ ತರೋಕೆ ಹೋದೆ. ಅಲ್ಲೇ ಕೂತು ಬಿಡಿಸಿ ಹೇಳಬೇಕಿತ್ತು.

ನಾನು ಟೀ ಸೋಸೋ ಹೊತ್ತಿಗೆ ಸ್ಮೋಕ್ ಅಲಾರಂ ಹೊಡ್ಕೊಳ್ತು. ಅತ್ತೆ ಹೂದಾನಿಗೆ ಕುಂಕುಮ ಇಟ್ಟು, ಬಾಳೆಹಣ್ಣು ನೈವೇದ್ಯ ಮಾಡಿ, ಅರ್ಧ ಕಟ್ಟು ಊದುಬತ್ತಿ ಒಟ್ಟಿಗೇ ಹಚ್ಚಿಬಿಟ್ಟಿದ್ರು. ಅತಿಥಿಗಳೆಲ್ಲ ನಿಲುವಂಗೀಲಿ ಪಾರ್ಕಿಂಗ್ ಲಾಟಿಗೆ ಬಂದು ನಿಂತ್ರು. ಹೊರಗೆ ನಲವತ್ತು ಡಿಗ್ರಿ ಫ್ಯಾರನ್‌ಹೀಟ್, ಎಲ್ಲರೂ ಗಡಗಡ ನಡುಗ್ತಿದಾರೆ. ಅತ್ತೆ ಅವರ ಮಧ್ಯೆ ಬಾಳೆಹಣ್ಣಿನ ಚೂರು ಹಂಚ್ತಿದಾರೆ. ಜಪಾನೀ ಎಂಜಿನಿಯರ್ ಒಬ್ಬರು ಎರಡೂ ಕೈಯಲ್ಲಿ ತಗೊಂಡು, ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದ್ರು.

"ನೋಡಿ ಕಲ್ತುಕೋ," ಅಂದ್ರು ಅತ್ತೆ. "ನಿಮಗೆ ಯಾರಿಗೂ ಇಷ್ಟು ಭಕ್ತಿ ಇಲ್ಲ. ಅಂದ ಹಾಗೆ, ಆ ಪಟದಲ್ಲಿ ಬರೆದಿರೋದು ಯಾವ ಮಂತ್ರ?"

ನಾನು ಎಂಜಿನಿಯರನ್ನ ಕೇಳಿದೆ. "ಟೀ ಕುಡಿದು ಹೋಗಿ" ಅಂತ ಬರೆದಿದೆಯಂತೆ.

೪. ಸೋಪು ಹಾಕಿಲ್ಲ

ಆ ಶನಿವಾರ ಅಷ್ಟು ಹೊತ್ತಿಗಾಗಲೇ ಮೇಡಂ ನನಗೆ ಎರಡು ಸಲ "ಐ ಸೀ" ಅಂದಿದ್ರು. ಇನ್ನು ಬಾಕಿ ಇದ್ದದ್ದು ಅತ್ತೆ ಸ್ನಾನ. ನಮ್ಮಲ್ಲಿ ದೊಡ್ಡ ಮರದ ತೊಟ್ಟಿ ಒಂದೇ. ಒಬ್ಬೊಬ್ಬರಿಗೆ ಒಂದೊಂದು ಗಂಟೆ, ಆದರೆ ನೀರು ಎಲ್ಲರಿಗೂ ಅದೇ. ಅದಕ್ಕೇ ಹೊರಗೆ ಮೈ ತೊಳ್ಕೊಂಡು ಆಮೇಲೆ ಇಳೀಬೇಕು.

ಅತ್ತೆ ಕೈ ಹಿಡ್ಕೊಂಡು ಹೇಳಿದೆ. "ಹೊರಗೇ ಚೆನ್ನಾಗಿ ತೊಳ್ಕೊಳ್ಳಿ. ತೊಟ್ಟಿಗೆ ಸೋಪು ಹಾಕಬೇಡಿ, ಶಾಂಪೂ ಹಾಕಬೇಡಿ. ಸುಮ್ನೆ ಕೂತಿದ್ದು ಬನ್ನಿ. ಆರು ಗಂಟೆಗೆ ಬೇರೆಯವರು ಇಳೀತಾರೆ. ಸೋಮವಾರ ನನ್ನ ಕೆಲಸ ಉಳಿಯೋದು ನಿಮ್ಮ ಕೈಲಿದೆ."

"ನಾನೇನು ಸಣ್ಣ ಮಗುನಾ? ಹೋಗು," ಅಂದ್ರು.

ಐದೂವರೆಗೆ, ಅತ್ತೆ ಸ್ನಾನ ಮುಗಿದಿರುತ್ತೆ ಅಂದ್ಕೊಂಡು ಮೇಡಂ ನೀರು ನೋಡೋಕೆ ಹೊರಟ್ರು. ನಾನೂ ಹಿಂದೆ ಹೋದೆ. ಬಾಗಿಲು ಸರಿಸಿದ್ರೆ ಗಮ್ಮಂತ ಹರಳೆಣ್ಣೆ ವಾಸನೆ. ಅತ್ತೆ ಲಂಗ ಎದೆಗೆ ಕಟ್ಕೊಂಡು, ಕತ್ತಿನ ತನಕ ನೀರಲ್ಲಿ ಕೂತು, ಕಣ್ಣು ಮುಚ್ಚಿದಾರೆ. ತಲೆ ಮಿರಿಮಿರಿ ಅಂತಿದೆ. ನೀರಿನ ಮೇಲೆ ಎಣ್ಣೆ ದೋಸೆ ದೋಸೆಯಾಗಿ ತೇಲ್ತಿದೆ.

"ಅತ್ತೆ, ಏನಿದು?"

"ಹೊರಗೆ ತೊಳ್ಕೊ ಅಂದೆ, ತೊಳ್ಕೊಂಡೇ ಎಣ್ಣೆ ಹಚ್ಕೊಂಡೆ. ಸೋಪು ಬೇಡ ಅಂದೆ, ಹಾಕಿಲ್ಲ. ಶಾಂಪೂ ಬೇಡ ಅಂದೆ, ಹಾಕಿಲ್ಲ. ಇಷ್ಟು ಬಿಸಿನೀರು ಇಟ್ಕೊಂಡು ಎಣ್ಣೆ ಇಲ್ಲದೆ ಬರೀ ಕೂರೋಕೆ ನನಗೇನು ಹುಚ್ಚೇ?"

ಮೇಡಂ ಈ ಸಲ "ಐ ಸೀ" ಕೂಡ ಅನ್ನಲಿಲ್ಲ. ನನಗೆ ಅಳುವೇ ಬಂದುಬಿಡ್ತು. ಆರು ವರ್ಷ ಕಾದು ಸಿಕ್ಕ ಕೆಲಸ, ಎಣ್ಣೆ ಜೊತೆ ತೇಲ್ಕೊಂಡು ಹೋಯ್ತು ಅಂದ್ಕೊಂಡೆ.

ಅತ್ತೆ ನನ್ನ ಮುಖ ನೋಡಿದ್ರು. ಎದ್ದು, ಸೀರೆ ಸುತ್ತಿಕೊಂಡು, ನೆರಿಗೆ ಎತ್ತಿ ಸಿಕ್ಕಿಸಿದ್ರು. "ನೀರೆಲ್ಲ ಹೊರಗೆ ಬಿಡು. ನನ್ನ ಬ್ಯಾಗಲ್ಲಿ ಕಡ್ಲೆಹಿಟ್ಟು, ಸೀಗೆಪುಡಿ ಇದೆ, ತಗೊಂಬಾ," ಅಂದ್ರು. ಖಾಲಿ ತೊಟ್ಟಿಗೆ ಇಳಿದು ಮಂಡಿಯೂರಿ ಉಜ್ಜೋಕೆ ಶುರು ಮಾಡಿದ್ರು. ಮೇಡಂ ತಡೆಯೋಕೆ ಹೋದ್ರು. ಅತ್ತೆ ಕೈ ಬೀಸಿ, "ನೀವು ಆ ಕಡೆ ನಿಂತ್ಕೊಳ್ಳಿ, ಜಾರುತ್ತೆ," ಅಂತ ಕನ್ನಡದಲ್ಲೇ ಹೇಳಿದ್ರು. ಮೇಡಂ ಹೋಗಿ ಆ ಕಡೆ ನಿಂತ್ಕೊಂಡ್ರು.

ಹತ್ತೇ ನಿಮಿಷ. ಮರ ಹೊಸದರ ಹಾಗೆ ಪಳಪಳ ಅಂತಿತ್ತು. ಮೇಡಂ ಒಳಗೆ ಬಗ್ಗಿ ಬೆರಳಾಡಿಸಿದ್ರು, ಮೂಲೆ ಮೂಲೆ ನೋಡಿದ್ರು, ಮೂಸಿ ನೋಡಿದ್ರು, ತೊಟ್ಟಿ ತುಂಬೋಕೆ ಬಟನ್ ಒತ್ತಿದ್ರು. ಆರು ಗಂಟೆಯವರು ಸ್ನಾನ ಮುಗಿಸಿ ಬಂದು, ಇಷ್ಟು ನುಣುಪಾದ ತೊಟ್ಟಿ ನಾವೆಲ್ಲೂ ಕಂಡಿಲ್ಲ ಅಂತ ಹೊಗಳಿ ಹೋದ್ರು.

ಸೋಮವಾರ ಬೆಳಗ್ಗೆ ಮೇಡಂ ಕರೆದ್ರು. ನಾನು ಕೈ ಕಟ್ಕೊಂಡು ನಿಂತೆ.

"ನಿನ್ನ ಅತ್ತೆ ಯಾವತ್ತಿಂದ ಕೆಲಸಕ್ಕೆ ಬರ್ತಾರೆ?" ಅಂತ ಕೇಳಿದ್ರು.

"ಮೇಡಂ, ಅವರು ಬಂದಿರೋದು ವಿಸಿಟರ್ ವೀಸಾ ಮೇಲೆ. ಕೆಲಸ ಮಾಡೋ ಹಾಗಿಲ್ಲ."

ಮೇಡಂ ನನ್ನನ್ನ ಮೇಲಿಂದ ಕೆಳಗೆ ನೋಡಿ ನಿಟ್ಟುಸಿರು ಬಿಟ್ರು. "ಹಾಗಾದ್ರೆ ಇನ್ನೇನು ಮಾಡೋದು, ನೀನೇ ಇರು," ಅಂದ್ರು.

ಕೆಲಸ ಕಾಯಂ ಆಯ್ತು. ಸಂಜೆ ಮನೆಗೆ ಹೋದ್ರೆ ಅತ್ತೆ ಮೈಸೂರಿನ ತಂಗಿಗೆ ಫೋನಲ್ಲಿ ಹೇಳ್ತಿದ್ರು. "ಅವರು ಕರೆದಿದ್ದು ನನ್ನನ್ನೇ ಕಣೇ. ಪಾಪ, ಸೊಸೆ ಮುಖ ನೋಡಿ ಬಿಟ್ಕೊಟ್ಟೆ."